ಪ್ಲಾಸೆಂಟಾದ ಮಾಲಿಕ್ಯುಲರ್ ಡೇಟಾ: ಕಾಯಿಲೆ ಹುಡುಕೋಕೆ ಮುಂಚೆ ಏನೇನು ನೋಡ್ಬೇಕು, ಯಾವ ಕ್ರಮದಲ್ಲಿ

ಪ್ಲಾಸೆಂಟಾದ (ಅಂದ್ರೆ ಮಾಸಿನ) ಜೀನ್ ಡೇಟಾನೋ ಮಿಥೈಲೇಶನ್ (ಡಿಎನ್‌ಎ ಮೇಲೆ ಕೂರೋ ರಾಸಾಯನಿಕ ಗುರುತು) ಡೇಟಾನೋ ಡೌನ್‌ಲೋಡ್ ಮಾಡ್ಕೊಂಡು, ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯರಿಗೆ ಬಿಪಿ ಏರೋ ಕಾಯಿಲೆ) ಇರೋರದ್ದು ಒಂದು ಕಡೆ ಇಲ್ಲದೇ ಇರೋರದ್ದು ಇನ್ನೊಂದು ಕಡೆ ಅಂತ ಎರಡು ಗುಂಪು ಮಾಡಿ ನೇರವಾಗಿ ಹೋಲಿಕೆ ಓಡಿಸ್ತಾರೆ, ಸಾವಿರಾರು ಜೀನ್‌ಗಳ ಪಟ್ಟಿ ಬರುತ್ತೆ, ಖುಷಿಯಾಗುತ್ತೆ. ಆಮೇಲೆ ಅದೇ ಪಟ್ಟೀನ ಇನ್ನೊಂದು ಡೇಟಾದಲ್ಲಿ ಹುಡುಕಿದ್ರೆ ಮುಕ್ಕಾಲು ಪಾಲು ಕಾಣಲ್ಲ. ಯಾಕಂದ್ರೆ ಅದು ಕಾಯಿಲೆಯ ಪಟ್ಟಿನೇ ಆಗಿರಲಿಲ್ಲ, 31 ವಾರದ ಮಾಸಿಗೂ 39 ವಾರದ ಮಾಸಿಗೂ ಇರೋ ವ್ಯತ್ಯಾಸದ ಪಟ್ಟಿ ಆಗಿತ್ತು. ಇದೇ ತಪ್ಪನ್ನ ಎಷ್ಟೋ ಜನ ತುಂಬಾ ಶ್ರದ್ಧೆಯಿಂದ, ತಿಂಗಳುಗಟ್ಟಲೆ ಕೂತು ಮಾಡ್ತಿರೋದು ನೋಡಿ ಇದನ್ನ ಬರೀತಿದೀನಿ.

ತಪ್ಪು ಲೆಕ್ಕದಲ್ಲಿಲ್ಲ, ಕ್ರಮದಲ್ಲಿದೆ. ಇದು ಯಾರ ಮಾಸು, ಅದ್ರಲ್ಲಿ ಅಮ್ಮನ ಅಂಶ ಎಷ್ಟು ಸೇರಿದೆ, ಎಷ್ಟು ವಾರದ್ದು, ಯಾವ ಕೋಶ ಎಷ್ಟಿದೆ, ಲ್ಯಾಬಲ್ಲಿ ಏನಾಯ್ತು, ಈ ಐದು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೇನೇ ಕಾಯಿಲೆ ವಿಷಯಕ್ಕೆ ಕೈ ಹಾಕ್ಬೇಕು.

ಕೈಯಲ್ಲಿ ಏನೇನು ಇರಬೇಕು

ಆರ್ ಅನ್ನೋ ಲೆಕ್ಕದ ಭಾಷೆ ಮತ್ತೆ ಅದಕ್ಕೆ ಜೀವಶಾಸ್ತ್ರದ ಪ್ಯಾಕೇಜ್‌ಗಳನ್ನ ಕೊಡೋ ಬಯೋಕಂಡಕ್ಟರ್ ಸಾಕು. ಪಬ್ಲಿಕ್ ಡೇಟಾ ತರೋಕೆ ಜಿಇಒಕ್ವೆರಿ, ಆರ್‌ಎನ್‌ಎ ಕೌಂಟ್‌ಗೆ ಡೀಸೆಕ್2 ಇಲ್ಲಾ ಎಡ್ಜ್‌ಆರ್, ಮೈಕ್ರೋಅರೇ (ಸಾವಿರಾರು ಜೀನ್‌ಗಳನ್ನ ಒಟ್ಟಿಗೆ ಅಳೆಯೋ ಚಿಪ್) ಮತ್ತೆ ಮಿಥೈಲೇಶನ್‌ಗೆ ಲಿಮ್ಮಾ, ಮಿಥೈಲೇಶನ್ ಕಚ್ಚಾ ಫೈಲ್ ಓದೋಕೆ ಮಿನ್‌ಫಿ. ಇದ್ರ ಜೊತೆ ಪ್ಲಾನೆಟ್ ಅನ್ನೋ ಪ್ಯಾಕೇಜ್ ತಪ್ಪದೇ ಹಾಕ್ಕೊಳ್ಳಿ, ಅದನ್ನ ಪ್ಲಾಸೆಂಟಾಗೆ ಅಂತಲೇ ಮಾಡಿರೋದು, ಮಿಥೈಲೇಶನ್ ನೋಡಿ ಗರ್ಭದ ವಾರ ಮತ್ತೆ ಕೋಶಗಳ ಪಾಲು ಎರಡನ್ನೂ ಅಂದಾಜು ಮಾಡೋಕೆ ಬೇಕಾಗಿದ್ದೆಲ್ಲ ಅದ್ರಲ್ಲಿದೆ.

ಸೀಕ್ವೆನ್ಸಿಂಗ್ ಫೈಲ್‌ಗಳಿಂದಲೇ ಶುರು ಮಾಡೋದಾದ್ರೆ ಮೆಮೊರಿ ಲೆಕ್ಕ ಹಾಕ್ಕೊಳ್ಳಿ. ಓದಿದ ತುಣುಕುಗಳನ್ನ (ರೀಡ್) ಜೀನೋಮ್‌ಗೆ ಹೊಂದಿಸೋ ಸ್ಟಾರ್ ಅಲೈನರ್‌ಗೆ ಮನುಷ್ಯರ ಜೀನೋಮ್ ಲೋಡ್ ಮಾಡೋಕೇ ಸುಮಾರು 30 ಜಿಬಿ ಬೇಕು, ಅಷ್ಟಿಲ್ಲ ಅಂದ್ರೆ ಸಾಲ್ಮನ್ ಬಳಸಿ.

ಇನ್ನೊಂದು ಬೇಕಾಗಿರೋದು ಒಂದು ಸಾದಾ ಟೆಕ್ಸ್ಟ್ ಫೈಲ್. ಯಾವ ಸ್ಯಾಂಪಲ್‌ನ ಯಾವ ದಿನ ಯಾವ ಕಾರಣಕ್ಕೆ ತೆಗೆದ್ರಿ ಅಂತ ಅದ್ರಲ್ಲಿ ಬರೀತಾ ಹೋಗಿ. ಮೂರು ತಿಂಗಳಾದ್ಮೇಲೆ ನೆನಪಿರುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ, ಯಾರಿಗೂ ಇರಲ್ಲ.

ಹಂತ 1: ಪ್ರಶ್ನೆನ ಒಂದು ವಾಕ್ಯದಲ್ಲಿ ಬರ್ಕೊಳ್ಳಿ

"ಪ್ಲಾಸೆಂಟಾದಲ್ಲಿ ಏನು ಬದಲಾಗಿದೆ ನೋಡೋಣ" ಅನ್ನೋದು ಪ್ರಶ್ನೆ ಅಲ್ಲ. "34 ವಾರಕ್ಕೆ ಮುಂಚೆ ಶುರುವಾದ ಪ್ರೀಎಕ್ಲಾಂಪ್ಸಿಯಾದಲ್ಲಿ, ಅದೇ ವಾರದ ಬೇರೆ ಮಾಸುಗಳಿಗೆ ಹೋಲಿಸಿದ್ರೆ, ವಿಲ್ಲೈ (ಮಾಸಿನ ಒಳಗಿರೋ ಬೆರಳಿನಂಥ ಚಾಚುಗಳು) ಭಾಗದಲ್ಲಿ ಯಾವ ಜೀನ್ ಹೆಚ್ಚು ಕಮ್ಮಿ ಆಗಿದೆ" ಅನ್ನೋದು ಪ್ರಶ್ನೆ. ಅದ್ರಲ್ಲಿ ವಾರ ಇದೆ, ಯಾವ ಭಾಗ ಅಂತ ಇದೆ, ಯಾರಿಗೆ ಹೋಲಿಸ್ತಿದೀವಿ ಅಂತಾನೂ ಇದೆ.

ಕಾಯಿಲೆ ಹೆಸರು ಒಂದೇ ಇದ್ರೂ ಒಳಗಿರೋದು ಬೇರೆ ಬೇರೆ. ಪ್ರೀಎಕ್ಲಾಂಪ್ಸಿಯಾ ಅಂದ್ರೆ 20 ವಾರ ಆದ್ಮೇಲೆ ಹೊಸದಾಗಿ ಬಿಪಿ 140/90 ಇಲ್ಲಾ ಅದಕ್ಕಿಂತ ಜಾಸ್ತಿ, ಕಮ್ಮಿ ಅಂದ್ರೆ ನಾಲ್ಕು ಗಂಟೆ ಬಿಟ್ಟು ಎರಡು ಸಲ ನೋಡಿದಾಗ್ಲೂ ಇರಬೇಕು, ಜೊತೆಗೆ ಮೂತ್ರದಲ್ಲಿ ಪ್ರೋಟೀನೋ ಬೇರೆ ಅಂಗಕ್ಕೆ ತೊಂದರೆ ಆಗಿರೋ ಗುರುತೋ ಇರಬೇಕು. ಬೇಗ ಶುರುವಾಗೋದು ಮತ್ತೆ ತಡವಾಗಿ ಬರೋದು ಮಾಸಿನ ಮಟ್ಟದಲ್ಲಿ ಒಂದೇ ಥರ ಕಾಣಲ್ಲ, ತಡವಾಗಿ ಬಂದಿರೋ ಎಷ್ಟೋ ಮಾಸುಗಳು ನೋಡೋಕೆ ಮಾಮೂಲಿ ಮಾಸಿನ ಹಾಗೇ ಇರ್ತವೆ. ಎರಡನ್ನೂ ಒಂದೇ ಗುಂಪಿಗೆ ಹಾಕಿದ್ರೆ ಬೇಗ ಬಂದಿರೋದ್ರ ಸಿಗ್ನಲ್ ಸಪ್ಪಗಾಗುತ್ತೆ, ತಡವಾಗಿ ಬಂದಿರೋದ್ರ ಬಗ್ಗೆಯಂತೂ ಏನೂ ಗೊತ್ತಾಗಲ್ಲ.

ಮಗುವಿನ ಬೆಳವಣಿಗೆ ವಿಷಯದಲ್ಲೂ ಹಾಗೇನೇ. ತೂಕ 10ನೇ ಪರ್ಸೆಂಟೈಲ್‌ಗಿಂತ ಕೆಳಗಿದೆ ಅಂದ ಮಾತ್ರಕ್ಕೆ ಬೆಳವಣಿಗೆ ಕುಂಠಿತ ಆಗಿದೆ ಅಂತಲ್ಲ, ಕೆಲವು ಮಕ್ಕಳು ಆರೋಗ್ಯವಾಗಿದ್ದೂ ಸಣ್ಣಗೇ ಇರ್ತಾರೆ. ಡೇಟಾದಲ್ಲಿ ಯಾವ ವ್ಯಾಖ್ಯೆ ಬಳಸಿದಾರೆ ಅಂತ ಹುಡುಕಿ ಓದಿ. ಸಿಗಲಿಲ್ಲ ಅಂದ್ರೆ ಆ ಸೆಟ್‌ನ ಮುಖ್ಯ ಕೆಲಸಕ್ಕೆ ಇಟ್ಕೋಬೇಡಿ.

ಹಂತ 2: ಡೇಟಾಗಿಂತ ಮೊದಲು ಅದ್ರ ಟೇಬಲ್ ಓದಿ

ಜಿಇಒ ಅನ್ನೋ ಪಬ್ಲಿಕ್ ಡೇಟಾ ಸಂಗ್ರಹದಲ್ಲಿ ಪ್ಲಾಸೆಂಟಾ ಅಂತ ಹುಡುಕಿದ್ರೆ ರಾಶಿ ಸಿಗುತ್ತೆ. ಆರಿಸೋದು ಸ್ಯಾಂಪಲ್ ಎಷ್ಟಿದೆ ಅಂತ ನೋಡಿ ಅಲ್ಲ, ಪ್ರತಿ ಸ್ಯಾಂಪಲ್ ಜೊತೆ ಏನೇನು ಮಾಹಿತಿ ಕೊಟ್ಟಿದಾರೆ ಅಂತ ನೋಡಿ. ಗರ್ಭದ ವಾರ, ಮಗು ಗಂಡೋ ಹೆಣ್ಣೋ, ಹೆರಿಗೆ ನೋವು ಬಂದಿತ್ತೋ ಇಲ್ವೋ, ಸಿಸೇರಿಯನ್ನೋ ಅಲ್ವೋ, ಯಾವ ಭಾಗದಿಂದ ತೆಗೆದ್ರು, ಯಾವ ಬ್ಯಾಚ್ (ಲ್ಯಾಬಲ್ಲಿ ಒಟ್ಟಿಗೆ ಓಡಿಸಿದ ಗುಂಪು). ಇದ್ರಲ್ಲಿ ವಾರ ಇಲ್ಲ ಅಂದ್ರೆ ಮುಂದಿನ ಸೆಟ್ ನೋಡಿ ಅಷ್ಟೇ.

ಕಲಿಯೋಕೆ ಒಂದು ಒಳ್ಳೆ ಸೆಟ್ ಬೇಕು ಅಂದ್ರೆ ಜಿಎಸ್‌ಇ75010 ತಗೊಳ್ಳಿ. 157 ಮಾಸುಗಳ ಮೈಕ್ರೋಅರೇ ಡೇಟಾ, 80 ಪ್ರೀಎಕ್ಲಾಂಪ್ಸಿಯಾದವು, 77 ಅಲ್ಲದವು, ಅಲ್ಲದವುಗಳಲ್ಲಿ ಅವಧಿಗೆ ಮುಂಚೆ ಆದ ಹೆರಿಗೆಯವೂ ಇವೆ. ಈ ಕೊನೇ ವಿಷಯಕ್ಕೇ ಅದು ಬೆಲೆಬಾಳೋದು, ಯಾಕೆ ಅಂತ ಹಂತ 6ರಲ್ಲಿ ಗೊತ್ತಾಗುತ್ತೆ.

ಟೇಬಲ್ ಓದುವಾಗ ಎರಡು ಕಡೆ ಹುಷಾರು. ಒಂದು, ವಾರ ಎಲ್ಲಿಂದ ಎಣಿಸಿದಾರೆ ಅನ್ನೋದು. ಕೊನೇ ಮುಟ್ಟಿನಿಂದ ಎಣಿಸೋದಕ್ಕೂ ಗರ್ಭ ನಿಂತ ದಿನದಿಂದ ಎಣಿಸೋದಕ್ಕೂ ಎರಡು ವಾರ ವ್ಯತ್ಯಾಸ, ಮೊದಲ ಮೂರು ತಿಂಗಳ ಸ್ಯಾಂಪಲ್‌ಗಳಲ್ಲಿ ಎರಡು ವಾರ ಅಂದ್ರೆ ಬೇರೇನೇ ಮಾಸು. ಎರಡು ಸೆಟ್ ಸೇರಿಸುವಾಗ ಇದನ್ನ ಕೇಳದೇ ಸೇರಿಸಬೇಡಿ. ಇನ್ನೊಂದು, ಒಂದೇ ಮಾಸಿಂದ ಎರಡು ಮೂರು ತುಂಡು ತೆಗೆದು ಬೇರೆ ಬೇರೆ ಸ್ಯಾಂಪಲ್ ಅಂತ ಹಾಕಿರ್ತಾರೆ, ಅವಳಿ ಮಕ್ಕಳದ್ದೂ ಇರುತ್ತೆ. 40 ಸಾಲು ಕಂಡ್ರೂ ಮಾಸು 15 ಇರಬಹುದು. 40 ಅಂತಲೇ ಲೆಕ್ಕ ಹಾಕಿದ್ರೆ ಪಿ ವ್ಯಾಲ್ಯೂ (ವ್ಯತ್ಯಾಸ ಇಲ್ಲದಿದ್ರೂ ಹೀಗೆ ಕಾಣೋ ಸಂಭವ) ಎಲ್ಲಾ ಸುಳ್ಳು. ತಾಯಿ ಐಡಿ ನೋಡಿ ಸರಾಸರಿ ಮಾಡಿ, ಇಲ್ಲಾ ಲಿಮ್ಮಾದ ಡುಪ್ಲಿಕೇಟ್‌ಕೋರಿಲೇಶನ್ ಬಳಸಿ.

ನೀವೇ ಸ್ಯಾಂಪಲ್ ತೆಗೀತಿದ್ರೆ ಒಂದೆರಡು ಮಾತು. ಹೆರಿಗೆ ಆದ್ಮೇಲೆ ಎಷ್ಟು ನಿಮಿಷಕ್ಕೆ ಫ್ರೀಜ್ ಆಯ್ತು ಅಂತ ಪ್ರತಿ ಸಲ ಬರೀರಿ, ಸಾಧ್ಯವಾದ್ರೆ ಅರ್ಧ ಗಂಟೆ ಒಳಗೆ ಮುಗಿಸಿ. ಹೊಕ್ಕುಳಬಳ್ಳಿ ಸೇರೋ ಜಾಗಕ್ಕೂ ಅಂಚಿಗೂ ಮಧ್ಯೆ, ಕಮ್ಮಿ ಅಂದ್ರೆ ನಾಲ್ಕು ಕಡೆಯಿಂದ ತೆಗೀರಿ, ಗಟ್ಟಿಯಾಗಿ ಬಿಳಿಚಿಕೊಂಡಿರೋ ಸತ್ತ ಭಾಗ ಬಿಡಿ. ತಾಯಿ ಕಡೆಯ ಮೇಲ್ಮೈನೂ ಮಗು ಕಡೆಯ ಪೊರೇನೂ ಕತ್ತರಿಸಿ ತೆಗೆದು ಮಧ್ಯದ ವಿಲ್ಲೈ ಮಾತ್ರ ಇಟ್ಕೊಳ್ಳಿ, ತಣ್ಣಗಿರೋ ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ಬೇಗ ರಕ್ತ ತೊಳೀರಿ. ಆರ್‌ಎನ್‌ಎ ಕೆಡದ ಹಾಗೆ ಇಡೋ ಆರ್‌ಎನ್‌ಎಲೇಟರ್ ದ್ರವಕ್ಕೆ ಹಾಕೋದಾದ್ರೆ ತುಂಡಿನ ಒಂದು ಪಕ್ಕ ಅರ್ಧ ಸೆಂಟಿಮೀಟರ್ ದಾಟಬಾರದು, ದಪ್ಪ ಇದ್ರೆ ದ್ರವ ಒಳಗೆ ಹೋಗೋ ಹೊತ್ತಿಗೆ ಆರ್‌ಎನ್‌ಎ ಒಡೆದು ಹೋಗಿರುತ್ತೆ. ಪಕ್ಕದ ತುಂಡನ್ನ ಫಾರ್ಮಲಿನ್‌ಗೂ ಹಾಕಿಡಿ, ಆಮೇಲೆ ಸೋಂಕು ಇತ್ತಾ ಅಂತ ನೋಡೋಕೆ ಅದು ಬೇಕಾಗುತ್ತೆ.

ಹಂತ 3: ಕಚ್ಚಾ ಡೇಟಾ ಯಾವ ರೂಪದಲ್ಲಿದೆ ಅಂತ ಖಾತ್ರಿ ಮಾಡ್ಕೊಳ್ಳಿ

ಡೀಸೆಕ್2ಗೆ ಬೇಕಾಗಿರೋದು ಪೂರ್ಣಾಂಕದ ಕಚ್ಚಾ ಕೌಂಟ್, ಅಂದ್ರೆ ಒಂದೊಂದು ಜೀನ್‌ಗೆ ಎಷ್ಟು ರೀಡ್ ಸಿಕ್ತು ಅನ್ನೋ ಲೆಕ್ಕ. ಎಫ್‌ಪಿಕೆಎಂ, ಟಿಪಿಎಂ ಥರ ಈಗಾಗ್ಲೇ ಸರಿದೂಗಿಸಿದ ಸಂಖ್ಯೆಗಳನ್ನ ರೌಂಡ್ ಮಾಡಿ ಕೊಟ್ರೆ ಅದು ಏನೂ ಹೇಳದೇ ಓಡುತ್ತೆ, ಬರೋ ಉತ್ತರ ಮಾತ್ರ ಕೆಲಸಕ್ಕೆ ಬರಲ್ಲ. ಮೈಕ್ರೋಅರೇ ಆದ್ರೆ ಗರಿಷ್ಠ ಸಂಖ್ಯೆ ನೋಡಿ, 14, 15ರ ಹತ್ತಿರ ಇದ್ರೆ ಲಾಗ್ ಆಗಿದೆ, ಸಾವಿರಗಟ್ಟಲೆ ಇದ್ರೆ ಆಗಿಲ್ಲ. ಲಾಗ್ ಆಗಿರೋದಕ್ಕೆ ಮತ್ತೆ ಲಾಗ್ ಹಾಕೋರು ಇದಾರೆ.

ಮಾಸಿನ ಆರ್‌ಎನ್‌ಎಗೆ ಒಂದು ಗುಣ ಇದೆ, ಕೆಲವೇ ಜೀನ್‌ಗಳು ಬಹಳಷ್ಟು ರೀಡ್ ನುಂಗಿಬಿಡ್ತವೆ. ಸಿಎಸ್‌ಎಚ್1, ಸಿಎಸ್‌ಎಚ್2, ಸಿಜಿಎ, ಪಿಎಸ್‌ಜಿ ಕುಟುಂಬ, ಇವೆಲ್ಲ ಹಾರ್ಮೋನ್ ಮತ್ತೆ ಗರ್ಭಕ್ಕೆ ಸಂಬಂಧಪಟ್ಟ ಪ್ರೋಟೀನ್ ಮಾಡೋ ಜೀನ್‌ಗಳು. ಸಿಎಸ್‌ಎಚ್1 ಮತ್ತೆ 2ರ ಸೀಕ್ವೆನ್ಸ್ ಹೆಚ್ಚುಕಮ್ಮಿ ಒಂದೇ, ಹಾಗಾಗಿ ರೀಡ್ ಯಾವುದಕ್ಕೆ ಸೇರಿದ್ದು ಅಂತ ಟೂಲ್‌ಗೇ ಗೊತ್ತಾಗಲ್ಲ. ಅವೆರಡರಲ್ಲಿ ಒಂದು ಮಾತ್ರ ಏರಿದೆ ಅಂತ ಫಲಿತಾಂಶ ಬಂದ್ರೆ ನಂಬಬೇಡಿ, ಕುಟುಂಬದ ಲೆಕ್ಕದಲ್ಲಿ ನೋಡಿ.

ಮಿಥೈಲೇಶನ್ ಆದ್ರೆ ಐಡ್ಯಾಟ್ ಅನ್ನೋ ಕಚ್ಚಾ ಫೈಲ್ ಸಿಗೋ ಸೆಟ್ಟನ್ನೇ ಹುಡುಕಿ, ಸ್ಯಾಂಪಲ್‌ಗೆ ಎರಡು ಇರ್ತವೆ, ಕೆಂಪು ಒಂದು ಹಸಿರು ಒಂದು. ಡಿಟೆಕ್ಷನ್ ಪಿ ವ್ಯಾಲ್ಯೂ 0.01 ದಾಟಿರೋ ಪ್ರೋಬ್ (ಅರೇ ಮೇಲೆ ಒಂದೊಂದು ಜಾಗ ಅಳೆಯೋ ತುಣುಕು), ಬೀಡ್ ಮೂರಕ್ಕಿಂತ ಕಮ್ಮಿ ಇರೋ ಪ್ರೋಬ್, ಬೇರೆ ಜಾಗಕ್ಕೂ ಅಂಟೋ ಪ್ರೋಬ್, ಸಿಪಿಜಿ (ಮಿಥೈಲೇಶನ್ ಆಗೋ ಡಿಎನ್‌ಎ ಜಾಗ) ಮೇಲೇ ಎಸ್‌ಎನ್‌ಪಿ (ಒಬ್ಬರಿಂದ ಒಬ್ಬರಿಗೆ ಬದಲಾಗೋ ಡಿಎನ್‌ಎ ಅಕ್ಷರ) ಇರೋ ಪ್ರೋಬ್ ತೆಗೀಬೇಕು, ಆದ್ರೆ ಈಗಲೇ ಬೇಡ, ಹಂತ 5 ಮುಗಿಯೋವರೆಗೂ ಎಸ್‌ಎನ್‌ಪಿ ಪ್ರೋಬ್‌ಗಳು ಮತ್ತೆ ಎಕ್ಸ್, ವೈ ಪ್ರೋಬ್‌ಗಳು ಕೈಯಲ್ಲಿರಲಿ.

ರಕ್ತದ ಡೇಟಾ ನೋಡಿ ಅಭ್ಯಾಸ ಆಗಿರೋರು ಇಲ್ಲಿ ಗಾಬರಿ ಆಗ್ತಾರೆ. ರಕ್ತದಲ್ಲಿ ಬೀಟಾ ವ್ಯಾಲ್ಯೂ (ಆ ಜಾಗದಲ್ಲಿ ಎಷ್ಟು ಪಾಲು ಮಿಥೈಲೇಶನ್ ಆಗಿದೆ ಅಂತ 0ರಿಂದ 1ರವರೆಗೆ ಹೇಳೋ ಸಂಖ್ಯೆ) ಗ್ರಾಫ್ 0ರ ಹತ್ತಿರ ಒಂದು ಗುಡ್ಡ, 1ರ ಹತ್ತಿರ ಒಂದು ಗುಡ್ಡ, ಮಧ್ಯೆ ತಗ್ಗು. ಮಾಸಿನಲ್ಲಿ ಮಧ್ಯದಲ್ಲೂ ಎದ್ದಿರುತ್ತೆ. ಇದು ಲ್ಯಾಬ್ ಕೆಟ್ಟಿರೋದಲ್ಲ, ಮಾಸಿನ ಜೀನೋಮ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಮಿಥೈಲೇಶನ್ ಅರೆಬರೆ ಇರುತ್ತೆ, ಅದು ಅದ್ರ ಸಹಜ ಗುಣ. ಒಳ್ಳೆ ಸ್ಯಾಂಪಲ್‌ನ ಕೆಟ್ಟದು ಅಂತ ಎಸೀಬೇಡಿ, ಮತ್ತೆ ಮಾಸನ್ನೂ ಹೊಕ್ಕುಳಬಳ್ಳಿ ರಕ್ತಾನೂ ಒಟ್ಟಿಗೆ ಹಾಕಿ ಕ್ವಾಂಟೈಲ್ ನಾರ್ಮಲೈಸ್ (ಎಲ್ಲಾ ಸ್ಯಾಂಪಲ್‌ನ ಹರಡಿಕೆ ಒಂದೇ ಥರ ಮಾಡೋದು) ಮಾಡಬೇಡಿ, ಇರೋ ನಿಜವಾದ ವ್ಯತ್ಯಾಸನೇ ಅಳಿಸಿಹೋಗುತ್ತೆ.

ಹಂತ 4: ಈ ಮಾಸು ಯಾರದ್ದು

ಟೇಬಲ್‌ನಲ್ಲಿ ಗಂಡು ಅಂತ ಬರೆದಿದೆ, ಡೇಟಾ ಏನು ಹೇಳುತ್ತೆ? ಆರ್‌ಎನ್‌ಎ ಆದ್ರೆ ಹೆಣ್ಣಲ್ಲಿ ಜೋರಾಗಿರೋ ಎಕ್ಸ್‌ಐಎಸ್‌ಟಿ ಜೀನ್ ಒಂದು ಅಕ್ಷದಲ್ಲಿ, ವೈ ಕ್ರೋಮೋಸೋಮ್‌ನ ಆರ್‌ಪಿಎಸ್4ವೈ1 ಇಲ್ಲಾ ಡಿಡಿಎಕ್ಸ್3ವೈ ಇನ್ನೊಂದು ಅಕ್ಷದಲ್ಲಿ ಹಾಕಿ ಚುಕ್ಕೆ ಗ್ರಾಫ್ ಎಳೀರಿ. ಎರಡು ಮೂಲೇಲಿ ಎರಡು ಗುಂಪು ನಿಲ್ಲಬೇಕು. ಮಿಥೈಲೇಶನ್‌ಗೆ ಮಿನ್‌ಫಿಯ ಗೆಟ್‌ಸೆಕ್ಸ್ ಇದೆ, ಅದು ಎಕ್ಸ್, ವೈ ಪ್ರೋಬ್‌ಗಳ ಹೊಳಪು ನೋಡಿ ಹೇಳುತ್ತೆ.

ಒಂದು ಸೆಟ್‌ನಲ್ಲಿ ನನಗೆ ಎರಡು ಚುಕ್ಕೆ ತಪ್ಪು ಮೂಲೇಲಿ ಕಂಡ್ವು, ಒಂದು ಗಂಡು ಹೆಣ್ಣಿನ ಜಾಗದಲ್ಲಿ, ಒಂದು ಹೆಣ್ಣು ಗಂಡಿನ ಜಾಗದಲ್ಲಿ. ಶೀಟ್ ತೆಗೆದು ನೋಡಿದ್ರೆ ಎರಡೂ ಅಕ್ಕಪಕ್ಕದ ಸಾಲು, ಒಂದು ಪ್ರೀಎಕ್ಲಾಂಪ್ಸಿಯಾದ್ದು ಇನ್ನೊಂದು ಕಂಟ್ರೋಲು. ಟ್ಯೂಬ್ ಅದಲುಬದಲಾಗಿತ್ತು. ಲಿಂಗ ಬೇರೆ ಇದ್ದಿದ್ದಕ್ಕೆ ಸಿಕ್ಕಿಬಿತ್ತು, ಎರಡೂ ಹೆಣ್ಣೇ ಆಗಿದ್ರೆ? ಹಾಗಾಗಿ ಒಂದು ಅದಲುಬದಲು ಸಿಕ್ಕಿದ್ರೆ ಸಿಗದೇ ಇರೋದು ಇನ್ನೊಂದು ಇರಬಹುದು ಅಂತಲೇ ಅಂದ್ಕೊಂಡು ಇಡೀ ಪ್ಲೇಟ್ ಪರೀಕ್ಷೆ ಮಾಡಿ. ಇದಕ್ಕೆ ಅರೇನಲ್ಲಿರೋ ಎಸ್‌ಎನ್‌ಪಿ ಪ್ರೋಬ್‌ಗಳು ಸಹಾಯಕ್ಕೆ ಬರ್ತವೆ, 450ಕೆ ಅನ್ನೋ ಮಿಥೈಲೇಶನ್ ಅರೇನಲ್ಲಿ 65, ಅದ್ರ ನಂತರದ ಎಪಿಕ್‌ನಲ್ಲಿ 59 ಇವೆ. ಒಂದೇ ಮಾಸಿನ ಎರಡು ತುಂಡು ಇದ್ರೆ ಅವುಗಳ ಎಸ್‌ಎನ್‌ಪಿ ಹೊಂದಲೇಬೇಕು.

ಕ್ರೋಮೋಸೋಮ್ ಕೂಡ ನೋಡಿ. ಅರೇ ಡೇಟಾದಿಂದಲೇ ಕಾಪಿ ನಂಬರ್ (ಯಾವ ಕ್ರೋಮೋಸೋಮ್ ಎಷ್ಟಿದೆ ಅಂತ) ಎಳೀಬಹುದು, ಕೊನುಮೀ ಅನ್ನೋ ಪ್ಯಾಕೇಜ್ ಇದೆ. ವಿಲ್ಲೈ ತೆಗೆದು ಮಾಡೋ ಪರೀಕ್ಷೆಗಳಲ್ಲಿ 100ಕ್ಕೆ ಒಂದೆರಡರಲ್ಲಿ ಮಾಸಲ್ಲಿ ಮಾತ್ರ ಕ್ರೋಮೋಸೋಮ್ ದೋಷ ಇದ್ದು ಮಗುವಲ್ಲಿ ಇರಲ್ಲ. ಉದಾಹರಣೆಗೆ ಮಾಸಲ್ಲಿ 16ನೇ ಕ್ರೋಮೋಸೋಮ್ ಮೂರು ಇದ್ರೆ ಮಗುವಿನ ಬೆಳವಣಿಗೆ ಕುಂಠಿತ ಆಗೋ ಸಂಭವ ಜಾಸ್ತಿ, ಅಂಥ ಒಂದು ಸ್ಯಾಂಪಲ್ ನಿಮ್ಮ ಕಾಯಿಲೆ ಗುಂಪಲ್ಲಿ ಕೂತಿದ್ರೆ 16ನೇ ಕ್ರೋಮೋಸೋಮ್‌ನ ಜೀನ್‌ಗಳೇ ಪಟ್ಟಿ ತುಂಬ ಬರ್ತವೆ.

ಹಂತ 5: ಅಮ್ಮನ ಅಂಶ ಎಷ್ಟು ಸೇರಿದೆ

ವಿಲ್ಲೈ ಮಗುವಿನ ಕಡೆಯ ಅಂಗಾಂಶ, ಅದಕ್ಕೆ ಅಂಟಿಕೊಂಡಿರೋ ಡೆಸಿಡುವಾ ಅಮ್ಮನದು. ಕತ್ತರಿಸುವಾಗ ಸ್ವಲ್ಪ ಡೆಸಿಡುವಾ ಬಂದೇ ಬರುತ್ತೆ, ಎಷ್ಟು ಅನ್ನೋದೇ ಪ್ರಶ್ನೆ.

ಆರ್‌ಎನ್‌ಎಯಲ್ಲಿ ಪಿಆರ್‌ಎಲ್ ಮತ್ತೆ ಐಜಿಎಫ್‌ಬಿಪಿ1 ನೋಡಿ, ಇವು ಡೆಸಿಡುವಾದಲ್ಲಿ ಜೋರಾಗಿರ್ತವೆ. ನಾಲ್ಕೈದು ಸ್ಯಾಂಪಲ್‌ನಲ್ಲಿ ಎರಡೂ ಒಟ್ಟಿಗೆ ಮೇಲೆದ್ದಿದ್ರೆ ಅಲ್ಲಿ ತಾಯಿ ಅಂಗಾಂಶ ಬಂದಿದೆ. ಗಂಡು ಮಗುವಿನ ಮಾಸಾದ್ರೆ ಇನ್ನೂ ಸುಲಭ: ವೈ ಜೀನ್ ಚೆನ್ನಾಗಿದ್ದು ಜೊತೆಗೆ ಎಕ್ಸ್‌ಐಎಸ್‌ಟಿನೂ ಸ್ವಲ್ಪ ಕಂಡ್ರೆ ಬಹುತೇಕ ಅದು ಅಮ್ಮಂದು. ವೈ ಜೀನ್ ಸೊನ್ನೆ, ಎಕ್ಸ್‌ಐಎಸ್‌ಟಿ ಪೂರ್ತಿ ಅಂದ್ರೆ ಬೆರಕೆ ಅಲ್ಲ, ಲೇಬಲ್ಲೇ ತಪ್ಪು.

ಮಿಥೈಲೇಶನ್‌ನಲ್ಲಿ ಎಸ್‌ಎನ್‌ಪಿ ಪ್ರೋಬ್‌ಗಳ ಬೀಟಾ 0, 0.5, 1ರ ಹತ್ತಿರ ಮೂರು ಗುಂಪಾಗಿ ಗಟ್ಟಿಯಾಗಿ ನಿಲ್ಲಬೇಕು. 10% ಅಮ್ಮನ ಡಿಎನ್‌ಎ ಸೇರಿದೆ ಅಂದ್ಕೊಳ್ಳಿ. ಮಗು 0 ಇದ್ದು ಅಮ್ಮ 0.5 ಇರೋ ಕಡೆ ಬೀಟಾ 0.05ಕ್ಕೆ ಸರಿಯುತ್ತೆ, ಮಗು 0.5 ಇದ್ದು ಅಮ್ಮ 1 ಇರೋ ಕಡೆ 0.55 ಆಗುತ್ತೆ. ಅಂದ್ರೆ 10% ಬೆರಕೆಗೆ ಬರೀ 0.05 ಅಷ್ಟೇ ಅಲುಗಾಟ, ಅರೇ ತಾನಾಗೇ ಅಷ್ಟು ಅಲುಗಾಡುತ್ತೆ, ಹಾಗಾಗಿ ಒಂದು ಪ್ರೋಬ್ ನೋಡಿ ಏನೂ ಹೇಳೋಕಾಗಲ್ಲ, ಎಲ್ಲಾ ಪ್ರೋಬ್‌ಗಳನ್ನ ಸೇರಿಸಿ ಯಾವ ಸ್ಯಾಂಪಲ್ ಬೇರೆಯವಕ್ಕಿಂತ ಹರಡಿಕೊಂಡಿದೆ ಅಂತ ನೋಡ್ಬೇಕು. 0.15, 0.35 ಥರ ಸಂಖ್ಯೆ ಬರ್ತಾ ಇದ್ರೆ ಬೆರಕೆ ತುಂಬಾ ಇದೆ, ತೆಗೆದುಬಿಡಿ. ಸ್ವಲ್ಪ ಇದ್ರೆ ತೆಗೆಯೋ ಬದ್ಲು ಅದ್ರ ಅಂದಾಜನ್ನ ಒಂದು ಕಾಲಂ ಮಾಡಿ ಮಾಡೆಲ್‌ಗೆ ಸೇರಿಸಿ. ಈ ಬೆರಕೆ ಕಾಯಿಲೆ ಗುಂಪಲ್ಲೇ ಜಾಸ್ತಿ ಇದ್ಯಾ ಅಂತಾನೂ ನೋಡಿ, ಸಣ್ಣ ಮಾಸು ಕತ್ತರಿಸುವಾಗ ಅಮ್ಮನ ಕಡೆ ಬಿಟ್ಟು ಕತ್ತರಿಸೋದು ಕಷ್ಟ.

ಹಂತ 6: ಎಷ್ಟು ವಾರದ ಮಾಸು

ಎಲ್ರೂ ಬೀಳೋದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮಾಸು ವಾರ ವಾರಕ್ಕೂ ಬದಲಾಗೋ ಅಂಗ. ಬೇಗ ಶುರುವಾದ ಪ್ರೀಎಕ್ಲಾಂಪ್ಸಿಯಾಗೆ ಇರೋ ಒಂದೇ ಪರಿಹಾರ ಹೆರಿಗೆ ಮಾಡಿಸೋದು, ಹಾಗಾಗಿ ಆ ಮಾಸುಗಳು 28, 30, 32 ವಾರದವು. ಆರೋಗ್ಯವಾಗಿರೋ ಗರ್ಭ 37 ದಾಟಿ 39, 40ಕ್ಕೆ ಮುಗಿಯುತ್ತೆ, ಕಂಟ್ರೋಲ್‌ಗಳೆಲ್ಲ ಅಲ್ಲಿಂದ ಬರ್ತವೆ. ಎರಡು ಗುಂಪಿನ ವಾರಗಳು ಎಲ್ಲೂ ಒಂದನ್ನೊಂದು ಮುಟ್ಟಲ್ಲ. ಇಂಥ ಕಡೆ "ವಾರಾನ ಮಾಡೆಲ್‌ನಲ್ಲಿ ಹಾಕಿದೀನಲ್ಲ" ಅಂದ್ರೆ ನಡೆಯಲ್ಲ, ಯಾಕಂದ್ರೆ ಕಾಯಿಲೆ ಇಲ್ಲದ 31 ವಾರದ ಮಾಸು ಹೇಗಿರುತ್ತೆ ಅಂತ ಆ ಡೇಟಾದಲ್ಲಿ ಎಲ್ಲೂ ಇಲ್ಲ, ಮಾಡೆಲ್ ಊಹೆ ಮಾಡುತ್ತೆ ಅಷ್ಟೇ.

ಮೊದಲು ಮಾಡಬೇಕಾಗಿರೋದು ಒಂದು ಗ್ರಾಫ್. ಅಡ್ಡಕ್ಕೆ ವಾರ, ಗುಂಪಿಗೊಂದು ಬಣ್ಣ, ಒಂದೊಂದು ಸ್ಯಾಂಪಲ್‌ಗೆ ಒಂದು ಚುಕ್ಕೆ. ಎರಡು ಬಣ್ಣ ಒಂದೇ ಜಾಗದಲ್ಲಿ ಬೆರೆತಿರೋ ವಾರಗಳು ಎಷ್ಟಿವೆ ಅಂತ ನೋಡಿ, ನಿಮ್ಮ ನಿಜವಾದ ಸ್ಯಾಂಪಲ್ ಸಂಖ್ಯೆ ಅಲ್ಲಿ ಇರೋದಷ್ಟೇ. ಆಮೇಲೆ ಪಿಸಿಎ (ಡೇಟಾದ ದೊಡ್ಡ ಏರುಪೇರುಗಳನ್ನ ಕೆಲವೇ ಕಾಂಪೊನೆಂಟ್‌ಗೆ ಇಳಿಸೋ ಲೆಕ್ಕ) ಓಡಿಸಿ, ಮೊದಲ ಎರಡು ಮೂರು ಕಾಂಪೊನೆಂಟ್‌ಗಳಿಗೂ ವಾರಕ್ಕೂ ಕೋರಿಲೇಶನ್ ನೋಡಿ. ಕಾಯಿಲೆಗಿಂತ ವಾರದ ಜೊತೆ ಗಟ್ಟಿ ಸಂಬಂಧ ಇದ್ರೆ ಎಚ್ಚರಿಕೆ ಗಂಟೆ ಹೊಡೀತಾ ಇದೆ ಅಂತ.

ಅದಕ್ಕೇ ಅವಧಿಪೂರ್ವ ಕಂಟ್ರೋಲ್ ಇರೋ ಸೆಟ್ ಬೇಕು ಅಂದಿದ್ದು. ಆದ್ರೆ ಅದ್ರಲ್ಲೂ ಒಂದು ಗುಂಡಿ ಇದೆ, ಕಾಯಿಲೆ ಇಲ್ಲದೇ 30 ವಾರಕ್ಕೆ ಹೆರಿಗೆ ಯಾಕಾಯ್ತು? ಎಷ್ಟೋ ಸಲ ಸೋಂಕಿನಿಂದ. ಆವಾಗ ನಿಮ್ಮ ಹೋಲಿಕೆ ಪ್ರೀಎಕ್ಲಾಂಪ್ಸಿಯಾಗೂ ಸೋಂಕಿಗೂ ಮಧ್ಯೆ ಆಗಿಬಿಡುತ್ತೆ. ಫಲಿತಾಂಶದಲ್ಲಿ ಉರಿಯೂತದ ಜೀನ್‌ಗಳು "ಕಾಯಿಲೆಯಲ್ಲಿ ಕಮ್ಮಿ" ಅಂತ ಸಾಲಾಗಿ ಬಂದ್ರೆ ಇದೇ ಆಗಿರೋದು, ಅವು ಕಾಯಿಲೆಯಲ್ಲಿ ಇಳಿದಿಲ್ಲ, ಕಂಟ್ರೋಲ್‌ನಲ್ಲಿ ಏರಿವೆ. ಹಿಸ್ಟಾಲಜಿ ರಿಪೋರ್ಟ್ ಇದ್ರೆ ಕೋರಿಯೋಆಮ್ನಿಯೋನೈಟಿಸ್ (ಮಾಸಿನ ಪೊರೆಯ ಸೋಂಕು) ಇರೋದನ್ನ ತೆಗೀರಿ. ನಾನಾದ್ರೆ ಅವಧಿಪೂರ್ವ ಕಂಟ್ರೋಲ್ ಜೊತೆ ಒಂದ್ಸಲ, ಪೂರ್ಣಾವಧಿ ಕಂಟ್ರೋಲ್ ಜೊತೆ ಇನ್ನೊಂದ್ಸಲ ಓಡಿಸಿ, ಎರಡರಲ್ಲೂ ಒಂದೇ ದಿಕ್ಕಿಗೆ ಹೋಗೋ ಜೀನ್‌ಗಳನ್ನ ಮಾತ್ರ ಮುಂದಕ್ಕೆ ತಗೊಂಡು ಹೋಗ್ತೀನಿ. ಪಟ್ಟಿ ಸಣ್ಣದಾಗುತ್ತೆ, ಆಗಲಿ.

ಬರೆದಿರೋ ವಾರ ಸರಿ ಇದ್ಯಾ ಅಂತ ನೋಡೋಕೆ ಪ್ಲಾನೆಟ್‌ನ ಪ್ರೆಡಿಕ್ಟ್‌ಏಜ್ ಓಡಿಸಿ. ಅದ್ರಲ್ಲಿ ಮೂರು ಗಡಿಯಾರ (ಮಿಥೈಲೇಶನ್ ನೋಡಿ ವಾರ ಹೇಳೋ ಲೆಕ್ಕ) ಇವೆ. ಆರ್‌ಪಿಸಿ ಅನ್ನೋದು ಕಾಯಿಲೆ ಇರೋ ಗರ್ಭಕ್ಕೂ ನಡೆಯುತ್ತೆ, 558 ಸಿಪಿಜಿ ಮೇಲೆ ನಿಂತಿದೆ, ಸಾಮಾನ್ಯವಾಗಿ ಇದೇ ಸಾಕು. ಸಿಪಿಸಿ ಆರೋಗ್ಯವಾಗಿರೋ ಗರ್ಭಗಳ ಮೇಲೆ ಮಾತ್ರ ಕಟ್ಟಿರೋದು, ರಿಫೈನ್ಡ್ ಆರ್‌ಪಿಸಿ 36 ವಾರ ದಾಟಿರೋ, ತೊಡಕಿಲ್ಲದ ಗರ್ಭಕ್ಕೆ. ಸರಾಸರಿ ಒಂದು ವಾರ ಆಚೆ ಈಚೆ ಬರೋದು ಮಾಮೂಲು, ಐದಾರು ವಾರ ತಪ್ಪಿದ್ರೆ ಲೇಬಲ್ಲೋ ಸ್ಯಾಂಪಲ್ಲೋ ಏನೋ ಒಂದು ತಪ್ಪಾಗಿದೆ.

ಎಪಿಕ್ ಎರಡನೇ ವರ್ಷನ್ ಬಳಸೋರಿಗೆ: ಅದ್ರಲ್ಲಿ ಪ್ರೋಬ್ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಬಾಲ ಸೇರಿಸಿದಾರೆ, ಒಂದೇ ಸಿಪಿಜಿಗೆ ಒಂದಕ್ಕಿಂತ ಹೆಚ್ಚು ಪ್ರೋಬೂ ಇವೆ. ಬಾಲ ಕತ್ತರಿಸಿ, ನಕಲುಗಳ ಸರಾಸರಿ ತೆಗೆದು ಕೊಡದಿದ್ರೆ ಗಡಿಯಾರಕ್ಕೆ ಒಂದು ಪ್ರೋಬೂ ಸಿಗಲ್ಲ. ಎಷ್ಟು ಪ್ರೋಬ್ ಸಿಕ್ತು ಅಂತ ಬರೋ ಮೆಸೇಜ್ ಓದದೇ ಮುಂದೆ ಹೋಗಬೇಡಿ.

ಹಂತ 7: ಯಾವ ಕೋಶ ಎಷ್ಟಿದೆ

ಮಾಸಿನ ತುಂಡಲ್ಲಿ ಟ್ರೋಫೋಬ್ಲಾಸ್ಟ್ (ಮಾಸಿನ ಮುಖ್ಯ ಕೋಶ), ಸಿನ್ಸಿಟಿಯೋಟ್ರೋಫೋಬ್ಲಾಸ್ಟ್, ಸ್ಟ್ರೋಮಲ್, ಎಂಡೋಥೀಲಿಯಲ್, ಹಾಫ್‌ಬಾವರ್ (ಮಾಸಿನ ರೋಗನಿರೋಧಕ ಕೋಶ), ನ್ಯೂಕ್ಲಿಯಸ್ ಇರೋ ಕೆಂಪು ರಕ್ತಕಣ, ಹೀಗೆ ಆರು ಥರದ್ದನ್ನ ಪ್ಲಾನೆಟ್‌ನಲ್ಲಿರೋ ರೆಫರೆನ್ಸ್ (ಒಂದೊಂದು ಕೋಶದ ಮಾದರಿ ಡೇಟಾ) ಇಟ್ಕೊಂಡು ಎಪಿಡಿಶ್ ಇಲ್ಲಾ ಮಿನ್‌ಫಿ ಮೂಲಕ ಅಂದಾಜು ಮಾಡಬಹುದು. ಮೊದಲ ಮೂರು ತಿಂಗಳಿಗೂ ಕೊನೆಯ ಮೂರು ತಿಂಗಳಿಗೂ ರೆಫರೆನ್ಸ್ ಬೇರೆ ಬೇರೆ, ಅದಲುಬದಲು ಮಾಡಬೇಡಿ. ರಕ್ತದ ರೆಫರೆನ್ಸ್ ಅಂತೂ ಹತ್ತಿರಕ್ಕೂ ತರಬೇಡಿ.

ಇಲ್ಲಿ ಬರೋ ಎರರ್ ಒಂದಿದೆ, ಲಿಮ್ಮಾ "ಕೋಎಫಿಶಿಯಂಟ್ಸ್ ನಾಟ್ ಎಸ್ಟಿಮಬಲ್" ಅನ್ನುತ್ತೆ, ಡೀಸೆಕ್2 ಆದ್ರೆ "ನಾಟ್ ಫುಲ್ ರ‍್ಯಾಂಕ್" ಅನ್ನುತ್ತೆ. ಆರೂ ಪಾಲು ಕೂಡಿದ್ರೆ 1 ಆಗುತ್ತಲ್ಲ, ಐದು ಗೊತ್ತಿದ್ರೆ ಆರನೇದು ತಾನಾಗೇ ಗೊತ್ತು, ಆರನ್ನೂ ಹಾಕಿದ್ರೆ ಮಾಡೆಲ್ ಒದ್ದಾಡುತ್ತೆ. ಒಂದನ್ನ ಬಿಡಿ, ಇಲ್ಲಾ ಆ ಪಾಲುಗಳ ಪಿಸಿಎ ಮಾಡಿ ಮೊದಲ ಎರಡು ಮೂರು ಹಾಕಿ.

ಕೋಶದ ಪಾಲನ್ನ ಸರಿದೂಗಿಸಬೇಕಾ ಬೇಡ್ವಾ ಅನ್ನೋದು ಬರೀ ಟೆಕ್ನಿಕಲ್ ವಿಷಯ ಅಲ್ಲ. ಕಾಯಿಲೆಯಿಂದಾನೇ ಕೋಶಗಳ ಪಾಲು ಬದಲಾಗಿದ್ರೆ, ಅದನ್ನ ಸರಿದೂಗಿಸಿದಾಗ ಕಾಯಿಲೆಯ ಒಂದು ಭಾಗಾನೇ ಅಳಿಸಿದ ಹಾಗೆ. ಸರಿದೂಗಿಸದಿದ್ರೆ ಕೋಶ ಹೆಚ್ಚಾಗಿರೋದನ್ನ ಜೀನ್ ಏರಿದೆ ಅಂತ ಓದ್ಕೊಳ್ತೀವಿ. ಎರಡೂ ಥರ ಓಡಿಸಿ ಎರಡನ್ನೂ ತೋರಿಸಿ. ಸರಿದೂಗಿಸಿದ ಮೇಲೂ ನಿಂತಿದ್ದು ಕೋಶದ ಒಳಗಿನ ಬದಲಾವಣೆ ಇರಬಹುದು, ಬಿದ್ದುಹೋಗಿದ್ದು ಪಾಲಿನ ಬದಲಾವಣೆ ಇರಬಹುದು, ಎರಡೂ ಹೇಳೋಕೆ ಯೋಗ್ಯವಾದ ವಿಷಯಾನೇ.

ಸಿಂಗಲ್ ಸೆಲ್ ಡೇಟಾನ ರೆಫರೆನ್ಸ್ ಮಾಡ್ಕೊಳ್ಳೋರು ಗಮನಿಸಿ, ಸಿನ್ಸಿಟಿಯೋಟ್ರೋಫೋಬ್ಲಾಸ್ಟ್ ಅಂದ್ರೆ ಕೋಶಗಳು ಕೂಡಿ ಆಗಿರೋ ಒಂದೇ ದೊಡ್ಡ ಹಾಸು, ಅದು ಒಂದೊಂದು ಕೋಶನ ಬೇರೆ ಮಾಡಿ ಹಿಡಿಯೋ ಡ್ರಾಪ್ಲೆಟ್ (ಸಣ್ಣ ಹನಿ) ಒಳಗೆ ಹಿಡಿಯಲ್ಲ. ಸಿಂಗಲ್ ಸೆಲ್‌ನಲ್ಲಿ ಅದು ಕಮ್ಮಿ ಕಂಡ್ರೆ ಮಾಸಲ್ಲಿ ಕಮ್ಮಿ ಇದೆ ಅಂತಲ್ಲ. ಅದಕ್ಕೆ ಸಿಂಗಲ್ ನ್ಯೂಕ್ಲಿಯಸ್ ಡೇಟಾ ಬೇಕು.

ಹಂತ 8: ಬ್ಯಾಚ್

ಎಪಿಕ್ ಸ್ಲೈಡಿಗೆ 8 ಸ್ಯಾಂಪಲ್, 450ಕೆ ಸ್ಲೈಡಿಗೆ 12. ಕಾಯಿಲೆಯವೆಲ್ಲ ಒಂದು ಸ್ಲೈಡು ಕಂಟ್ರೋಲೆಲ್ಲ ಇನ್ನೊಂದು ಸ್ಲೈಡು ಅಂತ ಇದ್ರೆ ಅಲ್ಲಿಗೆ ಮುಗೀತು, ಯಾವ ಟೂಲೂ ಅದನ್ನ ಬಿಡಿಸಲ್ಲ. ಗುಂಪು ಮತ್ತೆ ಸ್ಲೈಡ್ ಹಾಕಿ ಒಂದು ಕ್ರಾಸ್ ಟೇಬಲ್ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಬ್ಯಾಚ್ ವ್ಯತ್ಯಾಸ ಅಳಿಸೋ ಕಾಂಬ್ಯಾಟ್ ಓಡಿಸಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋ ನಂಬಿಕೆ ಬಿಡಿ, ಗುಂಪುಗಳು ಬ್ಯಾಚ್‌ಗಳಲ್ಲಿ ಅಸಮವಾಗಿ ಹಂಚಿರುವಾಗ ಗುಂಪಿನ ಮಾಹಿತಿ ಕೊಟ್ಟು ಕಾಂಬ್ಯಾಟ್ ಓಡಿಸಿದ್ರೆ ಇಲ್ಲದ ವ್ಯತ್ಯಾಸ ಹುಟ್ಟಿಸಿಬಿಡುತ್ತೆ. ಬ್ಯಾಚ್‌ನ ಮಾಡೆಲ್ ಒಳಗೇ ಒಂದು ಕಾಲಂ ಆಗಿ ಹಾಕೋದು ಹೆಚ್ಚು ಸುರಕ್ಷಿತ.

ಹಂತ 9: ಈಗ ಹೋಲಿಕೆ ಓಡಿಸಿ

ಮಾಡೆಲ್‌ನಲ್ಲಿ ಕಾಯಿಲೆ, ವಾರ, ಲಿಂಗ, ಬ್ಯಾಚ್, ಕೋಶ, ಬೇಕಿದ್ರೆ ಬೆರಕೆ. 20 ಸ್ಯಾಂಪಲ್ ಇಟ್ಕೊಂಡು 12 ಕಾಲಂ ಹಾಕಬೇಡಿ. ಮಿಥೈಲೇಶನ್‌ಗೆ ಟೆಸ್ಟ್ ಎಂ ವ್ಯಾಲ್ಯೂ (ಬೀಟಾದ ಲಾಗ್ ರೂಪ) ಮೇಲೆ ಮಾಡಿ, ಆದ್ರೆ ವ್ಯತ್ಯಾಸ ಎಷ್ಟು ಅಂತ ಹೇಳುವಾಗ ಬೀಟಾದಲ್ಲಿ ಹೇಳಿ. ಬೀಟಾ ವ್ಯತ್ಯಾಸ 0.01 ಇರೋದು ಪಿ ವ್ಯಾಲ್ಯೂ ಎಷ್ಟೇ ಚೆನ್ನಾಗಿದ್ರೂ ಬಹಳ ಸಲ ಕೋಶದ ಪಾಲಿನ ಸಣ್ಣ ಅಲುಗಾಟ ಅಷ್ಟೇ.

ಪಿ ವ್ಯಾಲ್ಯೂಗೆ ಕಡಕ್ಕಾದ ಗೆರೆ ಬೇಕು ಅನ್ನೋರು 450ಕೆಗೆ 2.4×10⁻⁷, ಎಪಿಕ್‌ಗೆ 9×10⁻⁸ ಬಳಸ್ತಾರೆ. ಪಿ ವ್ಯಾಲ್ಯೂಗಳ ಹಿಸ್ಟೋಗ್ರಾಂ ಮತ್ತೆ ಲ್ಯಾಂಬ್ಡಾ (ಟೆಸ್ಟ್ ಫಲಿತಾಂಶ ಒಟ್ಟಾರೆ ಎಷ್ಟು ಉಬ್ಬಿದೆ ಅನ್ನೋ ಅಳತೆ) ನೋಡಿ, ಲ್ಯಾಂಬ್ಡಾ 1ರ ಹತ್ತಿರ ಇರಬೇಕು, 1.4, 1.5 ಅಂತ ಬಂದ್ರೆ ಹಂತ 5ರಿಂದ 8ರವರೆಗೆ ಎಲ್ಲೋ ಏನೋ ಬಿಟ್ಟಿದೀರ, ವಾಪಸ್ ಹೋಗಿ.

ಪಾಥ್‌ವೇ (ಒಟ್ಟಿಗೆ ಕೆಲಸ ಮಾಡೋ ಜೀನ್‌ಗಳ ಗುಂಪು) ನೋಡುವಾಗ ಮಿಥೈಲೇಶನ್ ಪಟ್ಟೀನ ಸಾದಾ ಎನ್‌ರಿಚ್‌ಮೆಂಟ್ ಟೂಲ್‌ಗೆ ಹಾಕಬೇಡಿ. ಕೆಲವು ಜೀನ್‌ಗೆ ನೂರಾರು ಪ್ರೋಬ್ ಇವೆ, ಕೆಲವಕ್ಕೆ ಒಂದೋ ಎರಡೋ, ಜಾಸ್ತಿ ಪ್ರೋಬ್ ಇರೋದೇ ಸುಮ್ನೆ ಪಟ್ಟಿಗೆ ಬರುತ್ತೆ. ಮಿಸ್‌ಮಿಥೈಲ್‌ನ ಗೋಮೆತ್ ಇದನ್ನ ಲೆಕ್ಕಕ್ಕೆ ತಗೊಳ್ಳುತ್ತೆ.

ಹಂತ 10: ಬಂದಿದ್ದನ್ನ ನಂಬಬಹುದಾ

ಮೊದಲು ಗೊತ್ತಿರೋದು ಬಂದಿದ್ಯಾ ನೋಡಿ. ಬೇಗ ಶುರುವಾದ ಪ್ರೀಎಕ್ಲಾಂಪ್ಸಿಯಾದ ಆರ್‌ಎನ್‌ಎ ಡೇಟಾ ಆದ್ರೆ ಎಫ್‌ಎಲ್‌ಟಿ1, ಲೆಪ್ಟಿನ್ ಜೀನ್, ಇಎನ್‌ಜಿ, ಎಫ್‌ಎಸ್‌ಟಿಎಲ್3, ಎಚ್‌ಟಿಆರ್‌ಎ4 ಏರಿರಬೇಕು. ಇವು ಒಂದೂ ಇಲ್ಲದೇ ಬೇರೇನೋ 500 ಜೀನ್ ಬಂದಿದ್ರೆ ಹೊಸದೇನೋ ಕಂಡುಹಿಡಿದಿದೀನಿ ಅಂತ ಅಂದ್ಕೊಳ್ಳೋ ಮುಂಚೆ ಗುಂಪಿನ ಲೇಬಲ್ ತಿರುಗಾಮುರುಗಾ ಆಗಿದ್ಯಾ, ತಡವಾಗಿ ಶುರುವಾದವೇ ಜಾಸ್ತಿ ಇದಾವಾ ಅಂತ ನೋಡಿ. ಅಮ್ಮ ಸಿಗರೇಟ್ ಸೇದೋರ ಡೇಟಾ ಆದ್ರೆ ಸಿವೈಪಿ1ಎ1 ನೋಡಿ, ರಕ್ತದಲ್ಲಿ ಹೆಸರುವಾಸಿಯಾಗಿರೋ ಎಎಚ್‌ಆರ್‌ಆರ್ ಗುರುತು ಮಾಸಲ್ಲೂ ಹಾಗೇ ಬರಲಿ ಅಂತ ಕಾಯಬೇಡಿ.

ಆಮೇಲೆ ಲೇಬಲ್‌ಗಳನ್ನ ಬೇಕಂತಲೇ ಕಲಸಿ ನೂರು ಸಲ ಓಡಿಸಿ. ಕಲಸಿದಾಗ್ಲೂ ಸಾವಿರಾರು ಜೀನ್ ಬರ್ತಿದ್ರೆ ನಿಮ್ಮ ಮಾಡೆಲ್ ಕೆಟ್ಟಿದೆ. ಇದಾದ್ಮೇಲೆ ಬೇರೆ ಸೆಟ್‌ನಲ್ಲಿ ನೋಡಿ, ಅಲ್ಲೂ ಹಂತ 4ರಿಂದ 8 ಪೂರ್ತಿ ಮಾಡಿ, ಮಾಡದೇ ನೋಡಿದ್ರೆ ಎರಡೂ ಕಡೆ ಅದೇ ವಾರದ ಗೊಂದಲ ಇದ್ದು, ಎರಡೂ ಕಡೆ ಅದೇ ತಪ್ಪು ಪಟ್ಟಿ ಬಂದು, ಖಾತ್ರಿ ಆಯ್ತು ಅಂತ ಅನ್ಸುತ್ತೆ. ಇದು ಎಲ್ಲಕ್ಕಿಂತ ಅಪಾಯ.

ಹೆರಿಗೆ ಆದ್ಮೇಲೆ ತೆಗೆದಿರೋ ಮಾಸು ಕಾಯಿಲೆ ಕೊನೇಲಿ ಹೇಗಿತ್ತು ಅಂತ ಮಾತ್ರ ಹೇಳುತ್ತೆ. ಪ್ರೀಎಕ್ಲಾಂಪ್ಸಿಯಾದ ಬೇರು ಮೊದಲ ತಿಂಗಳುಗಳಲ್ಲೇ ಇರಬಹುದು, ನೀವು ನೋಡ್ತಿರೋದು ಎಷ್ಟೋ ವಾರ ರಕ್ತ ಸಾಲದೇ ಒದ್ದಾಡಿದ ಮಾಸು. ಹಾಗಾಗಿ "ಈ ಜೀನ್‌ನಿಂದ ಕಾಯಿಲೆ ಬರುತ್ತೆ" ಅಂತ ಬರೀಬೇಡಿ, "ಕಾಯಿಲೆ ಇರೋ ಮಾಸಲ್ಲಿ ಹೆರಿಗೆ ಹೊತ್ತಿಗೆ ಈ ಜೀನ್ ಹೆಚ್ಚಿತ್ತು" ಅಂತ ಬರೀರಿ.

ಮಾಸಲ್ಲಿ ಸಿಕ್ಕಿದ್ದನ್ನ ಅಮ್ಮನ ರಕ್ತದಲ್ಲಿ ಹುಡುಕೋಕೆ ಹೊರಟ್ರೆ ಎಫ್‌ಎಲ್‌ಟಿ1 ಕಥೆ ಕಣ್ಮುಂದೆ ಇರಲಿ. ಮಾಸಿನಿಂದ ಕರಗೋ ರೂಪದಲ್ಲಿ ರಕ್ತಕ್ಕೆ ಬರೋ ಈ ಪ್ರೋಟೀನು ಮತ್ತೆ ಪಿಎಲ್‌ಜಿಎಫ್ (ಮಾಸಿನದೇ ಇನ್ನೊಂದು ಪ್ರೋಟೀನು) ಎರಡರ ಅನುಪಾತ 38 ಇಲ್ಲಾ ಅದಕ್ಕಿಂತ ಕಮ್ಮಿ ಇದ್ರೆ ಮುಂದಿನ ಒಂದು ವಾರ ಪ್ರೀಎಕ್ಲಾಂಪ್ಸಿಯಾ ಬರೋ ಸಂಭವ ತೀರಾ ಕಮ್ಮಿ, ಅನುಮಾನ ಇರೋ ಗರ್ಭಿಣಿಯರಲ್ಲಿ ಇದನ್ನ ಬಳಸ್ತಾರೆ. ಆದ್ರೆ ಆ ಅನುಪಾತಾನೂ ವಾರ ಕಳೀತಾ ಕಳೀತಾ, ಮುಖ್ಯವಾಗಿ ಕೊನೇ ತಿಂಗಳುಗಳಲ್ಲಿ, ತಾನಾಗೇ ಏರುತ್ತೆ, ಕಾಯಿಲೆ ಇರಲಿ ಬಿಡಲಿ. ಹಾಗಾಗಿ ರಕ್ತದ ಸ್ಯಾಂಪಲ್ ಟ್ಯೂಬ್ ಮೇಲೂ ಮೊದಲು ಬರೀಬೇಕಾಗಿರೋದು ಗರ್ಭದ ವಾರ, ದಿನದ ಸಮೇತ, 31 ವಾರ 4 ದಿನ ಅಂತ.